ಕರಡಿಯ ಹಾಗೆ
ಬೆಳಿಗ್ಗೆ ಚಪ್ಪಲಿ ಎತ್ತಲು ಬಗ್ಗಿದವನಿಗೆ ಸೊಂಟ ಹಿಡಿದುಕೊಂಡಿತು. ಹಾಗೇ ನಿಂತಾಗ ನೆನಪಾದದ್ದು ಚೀನಾದ ಮಾವಾಂಗ್‌ದುಯಿಯ ರೇಷ್ಮೆ ಚಿತ್ರ. ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯಿಂದ 1973ರಲ್ಲಿ ಹೊರಬಂದದ್ದು. ಅದರಲ್ಲಿ 44 ಜನ, ಗಂಡಸರು, ಹೆಂಗಸರು, ಮುದುಕರು, ಕೈ ಚಾಚುತ್ತ, ಬಾಗುತ್ತ, ಮುಖವೆತ್ತಿ ಉಸಿರು ಬಿಡುತ್ತ ನಿಂತಿದ್ದಾರೆ. ಒಬ್ಬ ಕರಡಿಯ ಹಾಗೆ, ಇನ್ನೊಬ್ಬ ಹಕ್ಕಿಯ ಹಾಗೆ. ದಾವೋಯಿನ್ ಎಂಬ ಈ ವ್ಯಾಯಾಮವನ್ನು ಚೀನಾದ ದಾವೋ ಪಂಥದ ಸಾಧಕರು ದೀರ್ಘಾಯುಸ್ಸಿನ ಹಾದಿಯಾಗಿಸಿಕೊಂಡರು. (ಅಮೃತವೆಂದು ಪಾದರಸದ ಗುಳಿಗೆ ನುಂಗಿ ಸತ್ತ ತಾಂಗ್ ವಂಶದ ದೊರೆಗಳಿಗಿಂತ ಇವರು ಎಷ್ಟೋ ಜಾಣರು.) ತಮಾಷೆಯೆಂದರೆ, ಆ ಚಿತ್ರವನ್ನು ಜೊತೆಗಿಟ್ಟುಕೊಂಡು ಗೋರಿಯಲ್ಲಿ ಮಲಗಿದವನು ಸತ್ತಾಗ ಅವನಿಗೆ ಸುಮಾರು 30 ವರ್ಷವಂತೆ. ನಾನಾಗಲೇ 50 ದಾಟಿದ್ದೇನೆ. ಸಂಜೆ ಬಾಗಿಲು ಹಾಕಿಕೊಂಡು ಕರಡಿಯಾಗಿ ನೋಡುತ್ತೇನೆ. ಮನೆಯವರು ನಗದಿದ್ದರೆ ಹಕ್ಕಿ ನಾಳೆಗೆ.