ಸಂಜೆ ಏಳೂವರೆಯ ಹೋಳಿಗೆ

"ಮಮ್ಮಿ, ಹಬ್ಬದ ದಿನ ಆಂಟಿ ಯಾಕೆ ಉಪವಾಸ? ಅವರಿಗೆ ಹೋಳಿಗೆ ಕೊಡಲ್ವಾ?"

ಹೂರಣ ರುಬ್ಬುತ್ತಿದ್ದೆ. ಮಗಳು ಕೇಳಿದ್ದು ಟೊರಾಂಟೊದ ನಮ್ಮ ಪಕ್ಕದ ಮನೆಯ ಇರಾನಿ ಆಂಟಿಯ ಬಗ್ಗೆ. ಅವರು ಬಹಾಯಿ ಧರ್ಮದವರು. ಮಾರ್ಚ್‌ನಲ್ಲಿ 19 ದಿನ ಹಗಲು ಹೊತ್ತು ನೀರೂ ಕುಡಿಯುವುದಿಲ್ಲ. ಅದು ಮುಗಿದರೆ ಅವರ ಹೊಸ ವರ್ಷ, ನೌರೂಜ್. ಈ ಸಲ ನಮ್ಮ ಯುಗಾದಿ 19ನೇ ತಾರೀಕು, ಅವರದು 21. ನಮ್ಮದು ಇನ್ನೆರಡು ದಿನ ತಡವಾಗಿ ಬಂದಿದ್ದರೆ ಒಟ್ಟಿಗೇ ಉಣ್ಣಬಹುದಿತ್ತು!

ಕಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ ಎಲ್ಲಾ ಆಯಿತು. ಬೇವಿನ ಹೂವೊಂದೇ ಇಲ್ಲ. ಹೊರಗೆ ಇನ್ನೂ ಹಿಮ. ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದ್ದು ಬೇವಿನ ಮಾತ್ರೆ. ಮಾತ್ರೆ ಕುಟ್ಟಿ ಹಾಕೋಕೆ ಮನಸ್ಸು ಬರಲಿಲ್ಲ. ನಮ್ಮೂರು ಶಿಗ್ಗಾವಿಯಲ್ಲಿ ಹಿತ್ತಲಿಗೆ ಹೋಗಿ ಟೊಂಗೆ ಜಗ್ಗಿದರೆ ಮುಗೀತು. ಅವ್ವ ಬೆಲ್ಲ ಕಲಸುವಾಗ ನಾವು ಪುಟಾಣಿ ಕದ್ದು ತಿನ್ನುತ್ತಿದ್ದೆವು.

ಮಗಳು ಹೋಗಿ ಆಂಟಿಗೆ ಇದನ್ನೂ ಹೇಳಿದ್ದಾಳೆ. ಸ್ವಲ್ಪ ಹೊತ್ತಿಗೆ ಅವರೇ ಬಂದರು, ಕೈಯಲ್ಲಿ ಒಣಗಿದ ಕಹಿ ಕಿತ್ತಳೆ ಸಿಪ್ಪೆ. ಅವರ ಕಡೆ ಅದನ್ನು ಅನ್ನಕ್ಕೆ ಹಾಕುತ್ತಾರಂತೆ, ಕುದಿಸಿ ಕಹಿ ನೀರು ಚೆಲ್ಲಿ. "ನಿಮಗೆ ಕಹಿಯೇ ಬೇಕಲ್ಲ, ಅದಕ್ಕೆ ಕುದಿಸದೇ ತಂದೆ" ಅಂದರು.

ಇವರ ಮೇಲೆ ನಾನು ಅನುಮಾನಪಟ್ಟಿದ್ದೆ. ಶನಿವಾರ ಅವರ ಮನೆಯಲ್ಲಿ ಮಕ್ಕಳ ತರಗತಿ ಇರುತ್ತದೆ. ಪ್ರಾರ್ಥನೆ, ಕಥೆ, ಚಿತ್ರ ಬಿಡಿಸೋದು. ಮಗಳನ್ನು ಎಲ್ಲಿ ತಮ್ಮ ಕಡೆ ಎಳ್ಕೋತಾರೋ ಅಂತ ಭಯ. ಹೋದ ತಿಂಗಳು ಅವರು "ನಿಮ್ಮ ಮನೆಯ ಪ್ರಾರ್ಥನೆ ಹೇಳು" ಅಂದರಂತೆ. ಮಗಳಿಗೆ ಒಂದೂ ಬರಲಿಲ್ಲ. ಅವ್ವ ದೀಪ ಹಚ್ಚಿ, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ವಚನ ಹೇಳಿಸುತ್ತಿದ್ದಳು. ಅದೇ ಹೊತ್ತಿನಲ್ಲಿ ನಾನು ಮಗಳ ಕೈಗೆ ಟ್ಯಾಬ್ ಕೊಟ್ಟು ಕೂಡಿಸುತ್ತೇನೆ.

ಆಂಟಿ ಪ್ರಕಾರ ಕೃಷ್ಣ, ಬುದ್ಧ, ಯೇಸು, ಮಹಮ್ಮದ್ ಪೈಗಂಬರ್, ಅವರ ಧರ್ಮ ಸ್ಥಾಪಿಸಿದ ಬಹಾವುಲ್ಲಾ ಎಲ್ಲರನ್ನೂ ಕಳಿಸಿದ ದೇವರು ಒಬ್ಬನೇ. ಶಿಶುನಾಳದ ಗದ್ದುಗೆಗೆ ಸಕ್ಕರೆ ಓದಿಸಿ ಬೆಳೆದ ನನಗೆ ಇದೇನು ಹೊಸ ಮಾತಲ್ಲ. ಗೋವಿಂದಭಟ್ಟರ ಕಥೆ ಹೇಳಿದೆ. ಷರೀಫಜ್ಜ ಹುಟ್ಟಿದ್ದು 1819 ಅಂದಾಗ ಆಂಟಿ ಕಣ್ಣರಳಿಸಿದರು. ಬಹಾವುಲ್ಲಾ ಬರುವ ಸುದ್ದಿ ಮೊದಲು ಸಾರಿದ ಬಾಬ್ ಇರಾನಿನ ಶಿರಾಜಿನಲ್ಲಿ ಹುಟ್ಟಿದ್ದೂ ಅದೇ ವರ್ಷ! ಮಗಳಿಗೆ ಇದನ್ನೆಲ್ಲಾ ನಾನು ಯಾವತ್ತೂ ಹೇಳಿರಲಿಲ್ಲ. ಬಾಯಿ ತೆರೆದು ಕೇಳುತ್ತಾ ಕೂತಿದ್ದಳು.

ಅವರಿಗಾಗಿ ನಾವೂ ಕಾದೆವು. ಏಳೂವರೆ ಹೊತ್ತಿಗೆ ಸೂರ್ಯ ಮುಳುಗಿದ. ಆಂಟಿ ನೀರು ಕುಡಿದು, ಹೂವಿನ ಬದಲು ಆ ಸಿಪ್ಪೆ ಹಾಕಿದ ಬೇವಿನ ಬಟ್ಟಲೆತ್ತಿ ಮುಖ ಕಿವುಚಿದರು. ಮಗಳು ಬಿದ್ದು ಬಿದ್ದು ನಕ್ಕಳು. ಹೋಳಿಗೆ ಮಾತ್ರ ಮೂರು ತಿಂದರು.

ಈ ಗಡಿಬಿಡಿಯಲ್ಲಿ ಅವ್ವನಿಗೆ ಫೋನ್ ಮಾಡಿದ್ದೇ ಆಮೇಲೆ. ಅಲ್ಲಿ ಆಗಲೇ ಮರುದಿನದ ಬೆಳಗಿನ ಐದು ದಾಟಿತ್ತು.

"ಬೇವು ಕುಡದ್ಯಾ?"

ಹೂಂ ಅಂದೆ. ಸಿಪ್ಪೆಯ ಸುದ್ದಿ ಎತ್ತಲಿಲ್ಲ.

"ನಿನ್ನ ಪಾಲಿನ ಬಟ್ಟಲಾ ನಿನ್ನಿಯಿಂದ ಹಂಗ ಮುಚ್ಚಿಟ್ಟೀನಿ. ಈಗ ಚೆಲ್ಲಲೇನು?"