16 ವರ್ಷ, ಅರ್ಧ ಪುಟ

ರಜೆಯಲ್ಲಿ ಲೈಬ್ರರಿಯೊಂದರಲ್ಲಿ ಆರು ವಾರದ ಕೆಲಸವಿದೆ, ಅರ್ಜಿಯ ಜೊತೆ ರೆಸ್ಯೂಮೆ ಕಳಿಸಬೇಕು ಅಂತ ಮಗಳು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಅವಳ ಹೆಸರು, ಫೋನ್ ನಂಬರು, ಅದರ ಕೆಳಗೆ ಬರೀ ಬಿಳಿ. "ಅಪ್ಪ, ಬರೆಯೋಕೆ ನನ್ನ ಹತ್ರ ಏನಿದೆ ಹೇಳು?"

ನನಗೆ ಒಳಗೊಳಗೇ ಖುಷಿ. ಅವಳಿಗೆ ಗೊತ್ತಿಲ್ಲದ, ನನಗೆ ಗೊತ್ತಿರುವ ವಿಷಯ ಸಿಕ್ಕಿ ಎಷ್ಟು ಕಾಲವಾಗಿತ್ತೋ! ಆಫೀಸಿನಲ್ಲಿ ಹೊಸಬರ ರೆಸ್ಯೂಮೆಗಳನ್ನು ಜರಡಿ ಹಿಡಿಯುವ ಕೆಲಸ ನನ್ನದೇ. ಹತ್ತೇ ನಿಮಿಷದಲ್ಲಿ ಟೈಪ್ ಮಾಡಿಕೊಟ್ಟೆ: "ಶ್ರಮಜೀವಿ, ಉತ್ಸಾಹಿ, ನಾಯಕತ್ವದ ಗುಣವುಳ್ಳವಳು, ಸಣ್ಣ ಸಣ್ಣ ವಿವರಗಳನ್ನೂ ಗಮನಿಸುವವಳು." ಅದರ ಕೆಳಗೆ ಪರೀಕ್ಷೆಯ ಅಂಕಗಳು.

ಅವಳು ಓದಿ, "ಯಾರಪ್ಪ ಇವಳು?" ಅಂದಳು.

ಸರಿ, ಲ್ಯಾಪ್‌ಟಾಪ್ ಮುಚ್ಚಿ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದೆ. ಎರಡು ವರ್ಷದಿಂದ ಏನೇನು ಮಾಡಿದ್ದೀಯ ಅಂದರೆ "ಏನಿಲ್ಲ" ಅಂದಳು. ಬುಧವಾರ ತಡವಾಗಿ ಬರ್ತಿದ್ದೆಯಲ್ಲ, ಅದು? "ಓ, ಅದಾ? ಸ್ಕೂಲ್ ಲೈಬ್ರರಿಯಲ್ಲಿ ಸುಮ್ನೆ ಪುಸ್ತಕ ಜೋಡಿಸ್ತಿದ್ದೆ."

ಹೇಗೆ ಜೋಡಿಸ್ತಿದ್ದೆ ಅಂತ ಕೇಳಿದ್ದೇ ತಡ, ಪಾಠ ಶುರುವಾಯಿತು. ವಿಷಯಕ್ಕೆ ತಕ್ಕಂತೆ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಂತೆ. 500ರಲ್ಲಿ ವಿಜ್ಞಾನ, 800ರಲ್ಲಿ ಸಾಹಿತ್ಯ. ವಿಮಾನದ ಪುಸ್ತಕಕ್ಕೆ 629.13, ಕಾರಿನದಕ್ಕೆ 629.2. ಎಲ್ಲರೂ 13 ದೊಡ್ಡದು ಅಂದುಕೊಂಡು ವಿಮಾನವನ್ನು ಕಾರಿನ ಆಚೆಗೆ ತುರುಕಿಬಿಡುತ್ತಾರಂತೆ. "ಪಾಯಿಂಟ್ ಆದ್ಮೇಲೆ ಹದಿಮೂರು ಅಂತ ಓದಬಾರದಪ್ಪ, ಒಂದು, ಮೂರು ಅಂತ ಓದಬೇಕು. ವಿಮಾನಾನೇ ಮೊದಲು. ಚಿಕ್ಕ ಕ್ಲಾಸಿನವರಿಗೆ ಇದನ್ನ ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಗ್ತಿತ್ತು." ಎರಡು ವರ್ಷ ಇದನ್ನೇ ಮಾಡಿದವಳು, ಲೈಬ್ರರಿ ಕೆಲಸಕ್ಕೆ ಅರ್ಜಿ ಹಾಕುತ್ತಾ, ಬರೆಯೋಕೆ ಏನೂ ಇಲ್ಲ ಅನ್ನುತ್ತಿದ್ದಾಳೆ!

"ಗ್ರಂಥಾಲಯ ಸಹಾಯಕಿ ಅಂತ ಹಾಕೋಣ," ಅಂದೆ.

"ಹಾಗೆ ಯಾರೂ ಕರೀತಿರ್ಲಿಲ್ಲ."

ಸ್ವಲ್ಪ ತುತ್ತೂರಿ ಊದಿಕೊಳ್ಳಬೇಕು ಕಣೆ ಅಂತ ಲಿಯೊನಾರ್ಡೊ ಡ ವಿಂಚಿಯನ್ನೇ ಸಾಕ್ಷಿಗೆ ಕರೆದೆ. ಸುಮಾರು 1482ರಲ್ಲಿ ಇಟಲಿಯ ಮಿಲಾನನ್ನು ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಅವನು ಬರೆಸಿದ ಪತ್ರದ ಕರಡು ಉಳಿದಿದೆ. ಹೊತ್ತೊಯ್ಯಬಲ್ಲ ಸೇತುವೆ ಕಟ್ಟುತ್ತೇನೆ, ಫಿರಂಗಿ ಮಾಡುತ್ತೇನೆ, ಮುಚ್ಚಿದ ಯುದ್ಧರಥ ಮಾಡುತ್ತೇನೆ ಅಂತ ಸಾಲುಸಾಲು ಹೇಳಿಕೊಂಡು, ಚಿತ್ರವನ್ನೂ ಬರೆಯಬಲ್ಲೆ ಅಂದದ್ದು ಕಟ್ಟಕಡೆಗೆ.

ಅವಳು ಅರೆಗಳಿಗೆ ಯೋಚಿಸಿದಳು. "ಅಂದ್ರೆ ಆ ದೊರೆಗೆ ಬೇಕಾಗಿದ್ದನ್ನ ಮೇಲೆ ಹಾಕಿದ." ಅಷ್ಟು ಹೇಳಿ ನಾನು ಹಾಕಿದ್ದ ಅಂಕಗಳನ್ನು ಕೆಳಕ್ಕೆ ತಳ್ಳಿ, ಬುಧವಾರದ ಕೆಲಸವನ್ನು ಮೇಲೆ ತಂದಳು: "ಎರಡು ವರ್ಷ, ವಾರಕ್ಕೊಂದು ದಿನ, ವಾಪಸ್ ಬಂದ ಪುಸ್ತಕಗಳನ್ನು ಡ್ಯೂಯಿ ಸಂಖ್ಯೆಯ ಪ್ರಕಾರ ಜೋಡಿಸಿದೆ. ತಪ್ಪು ಜಾಗದಲ್ಲಿದ್ದವನ್ನು ಹುಡುಕಿ ಸರಿಪಡಿಸಿದೆ. ಕಿರಿಯರಿಗೆ ಪುಸ್ತಕ ಹುಡುಕುವುದನ್ನು ಕಲಿಸಿದೆ." ನನ್ನ ಶ್ರಮಜೀವಿ, ಉತ್ಸಾಹಿಗಳೆಲ್ಲ ಒಂದೇ ಒತ್ತಿಗೆ ಅಳಿಸಿಹೋದರು.

ಇಮೇಲ್ ವಿಳಾಸದಲ್ಲಿ 'ನಿದ್ದೆಬುರುಕಿ' ಅಂತಿತ್ತು, ಹೊಸದು ಮಾಡಿಸಿದೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ದಿನಕ್ಕೆ ಎಷ್ಟು ಹೊತ್ತು ಬರಬಲ್ಲೆ ಅನ್ನುವುದನ್ನು ಎದ್ದು ಕಾಣುವಂತೆ ಬರೆಸಿದೆ. ರಜೆಯ ಕೆಲಸಕ್ಕೆ ಆಳು ಹುಡುಕುವವರು ಮೊದಲು ನೋಡುವುದು ಅದನ್ನೇ. ಫೋಟೊ ಬೇಡ, ಅವರು ಕೇಳಿಲ್ಲ.

ನಿಜವಾಗಿ ಕಷ್ಟವಾದದ್ದು ಕೊನೇ ಸಾಲು. ಇವಳ ಬಗ್ಗೆ ವಿಚಾರಿಸಲು ಒಬ್ಬರ ಹೆಸರು, ನಂಬರು ಕೊಡಬೇಕು. ಅಪ್ಪ ಅಮ್ಮನ ಹೆಸರು ನಡೆಯುವುದಿಲ್ಲ. ಶಾಲೆಯ ಲೈಬ್ರರಿ ಮೇಡಂ ಇದ್ದಾರೆ, ಆದರೆ ಅವರನ್ನು ಕೇಳದೆ ನಂಬರು ಕೊಡುವ ಹಾಗಿಲ್ಲ. ಇವಳೋ, ಮೆಸೇಜು ಟೈಪಿಸುವುದು, ಅಳಿಸುವುದು, ಫೋನ್ ಬೋರಲು ಹಾಕುವುದು. ನಾನೇ ಫೋನ್ ಮಾಡಲಾ ಅಂದದ್ದಕ್ಕೆ ಅವಳು ನೋಡಿದ ನೋಟ ಇನ್ನೂ ನೆನಪಿದೆ. ಮೂರನೇ ದಿನ ಕಳಿಸಿದಳು. ಎರಡು ನಿಮಿಷಕ್ಕೆ ಉತ್ತರ: "ಖಂಡಿತ ಕೊಡಮ್ಮ. ಬುಧವಾರ ನೀನಿಲ್ಲದೆ ಕಷ್ಟವಾಗಿದೆ."

ಅಷ್ಟಾದರೂ ಅರ್ಧ ಪುಟವೇ ಆಯಿತು. ಅಕ್ಷರ ದೊಡ್ಡದು ಮಾಡಲು ನನ್ನ ಕೈ ತುರಿಸುತ್ತಿತ್ತು, ಬಿಡಲಿಲ್ಲ. ಪಿಡಿಎಫ್ ಮಾಡಿ, ಫೈಲಿಗೆ ಅವಳ ಹೆಸರನ್ನೇ ಇಟ್ಟು, ಗಟ್ಟಿಯಾಗಿ ಎರಡು ಸಲ ಓದಿ ತಪ್ಪು ತಿದ್ದಿದೆವು. ಮೇಲ್ ಮಾತ್ರ ನಾನು ಹೇಳಿ ಬರೆಸಿದೆ. "ಇದರೊಂದಿಗೆ ನನ್ನ ರೆಸ್ಯೂಮೆ ಲಗತ್ತಿಸಿದ್ದೇನೆ." ಕಳಿಸು, ಕಳಿಸು ಅಂದೆ. ಕಳಿಸಿದಳು.

ಲಗತ್ತಿಸಿರಲಿಲ್ಲ.

ಕ್ಷಮೆ ಕೇಳುವ ಎರಡನೇ ಮೇಲನ್ನು ನನ್ನನ್ನು ಕೇಳದೆ ಅವಳೇ ಬರೆದಳು. ಕಳಿಸಿ, ಫೈಲು ಹೋಗಿದೆಯಾ ಅಂತ ತೆರೆದು ನೋಡಿ, ನನ್ನ ಕಡೆ ತಿರುಗಿದಳು.

"ಸದ್ಯ, ಆ 'ಸಣ್ಣ ಸಣ್ಣ ವಿವರಗಳನ್ನೂ ಗಮನಿಸುವವಳು' ಅನ್ನೋದನ್ನ ಆವತ್ತೇ ತೆಗೆದುಹಾಕಿದ್ದೆ ಕಣಪ್ಪ."