ಡಬಲ್ ಕ್ಲಿಕ್ಕಿಗೆ ಹೋಗುವ ಫೈಲು ರಾತ್ರಿ ಯಾಕೆ ಹೋಗಲ್ಲ?

ಶಿರಸಿಯ ಒಂದು ಅಡಿಕೆ ವಖಾರಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಲಾಟ್‌ವಾರು ತೂಕ, ದರ ತುಂಬಿದ ಸಿಎಸ್‌ವಿ ಫೈಲು ದಿನಾ ರಾತ್ರಿ 8:30ಕ್ಕೆ ಬೆಂಗಳೂರಿನ ಸರ್ವರಿಗೆ ತಾನಾಗಿ ಹೋಗಬೇಕು. ಜುಲೈನ ಒಂದು ಸೋಮವಾರ ಹೋಗಲಿಲ್ಲ. ಮರುದಿನ ಬೆಳಿಗ್ಗೆ, ಕಳಿಸುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಬ್ಯಾಚ್ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ನಾಲ್ಕೇ ಸೆಕೆಂಡಿಗೆ ಹೋಯಿತು.

ಕೈಯಲ್ಲಿ ಒತ್ತಿದರೆ ಹೋಗುತ್ತದೆ, ತಾನಾಗಿ ಹೋಗಲ್ಲ ಎಂದಾದರೆ ಸ್ಕ್ರಿಪ್ಟ್ ಕೆದಕುತ್ತ ಕೂರುವುದು ದಂಡ. ಯಾರ ಹೆಸರಲ್ಲಿ, ಯಾವ ಷರತ್ತಿನಲ್ಲಿ ಓಡುತ್ತಿದೆ ಎಂದು ಮೊದಲು ನೋಡಬೇಕು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ತೆರೆದರೆ ಕಂಡೀಷನ್ಸ್ ಟ್ಯಾಬಿನಲ್ಲಿ ‘ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು’ ಎಂಬುದಕ್ಕೆ ಟಿಕ್ ಇತ್ತು. ಅದು ಟಾಸ್ಕ್ ಹುಟ್ಟುವಾಗಲೇ ತಾನಾಗಿ ಬರುವ ಟಿಕ್. ವಖಾರಿಯ ಇನ್ವರ್ಟರಿಗೆ ದೀಪ ಮತ್ತು ರೂಟರ್ ಮಾತ್ರ; ಲ್ಯಾಪ್‌ಟಾಪಿನ ಚಾರ್ಜರ್ ಸೀದಾ ಲೈನಿಗೆ. ಮಳೆಗಾಲದ ಶಿರಸಿಯಲ್ಲಿ ರಾತ್ರಿ ಕರೆಂಟು ಇರುತ್ತದೆಂದು ನಂಬಿದ ಟಾಸ್ಕು ಕೆಲಸ ಮಾಡಿದರೆ ಕೇಳಿ! ಟಿಕ್ ತೆಗೆದು, ಸೆಟ್ಟಿಂಗ್ಸಿನಲ್ಲಿ ‘ಸಮಯ ತಪ್ಪಿದರೆ ಆದಷ್ಟು ಬೇಗ ಓಡಿಸು’ ಎಂಬುದಕ್ಕೆ ಹಾಕಿದ್ದಾಯಿತು.

ಗುಮಾಸ್ತರು ಲಾಗ್‌ಔಟ್ ಮಾಡಿ ಮನೆಗೆ ಹೋಗುವುದರಿಂದ ಟಾಸ್ಕನ್ನು ವಿಂಡೋಸಿನದೇ ಆದ ಸಿಸ್ಟಂ ಅಕೌಂಟಿಗೆ ಬದಲಿಸಿದ್ದೇ ಹೊಸ ತೊಂದರೆ: ಕೆಲಸ ಕೆಟ್ಟಿತೆಂಬ ಸಂಕೇತ 0x1. ವಿನ್‌ಎಸ್‌ಸಿಪಿ ಎಂಬ ಫೈಲು ಕಳಿಸುವ ಪ್ರೋಗ್ರಾಂ, ಒಪ್ಪಿಕೊಂಡ ಹೋಸ್ಟ್ ಕೀಯನ್ನು (ಸರ್ವರಿನ ಗುರುತು) ಆ ಬಳಕೆದಾರನ ರಿಜಿಸ್ಟ್ರಿಯಲ್ಲೇ, ಅಂದರೆ ವಿಂಡೋಸಿನ ಸೆಟ್ಟಿಂಗ್ ಕಣಜದಲ್ಲೇ, ಇಡುತ್ತದೆ. ಸಿಸ್ಟಂ ಅಕೌಂಟಿಗೆ ಅದು ಕಾಣುವುದಿಲ್ಲ. ‘ಈ ಸರ್ವರನ್ನು ನಂಬಲೇ?’ ಎಂದು ಕೇಳುತ್ತದೆ, ಉತ್ತರಿಸಲು ಯಾರೂ ಇಲ್ಲ, ಬಿಟ್ಟುಬಿಡುತ್ತದೆ. ಸರ್ವರಿಗೆ ಸೇರಿಸುವ ಓಪನ್ ಆದೇಶದ ಸಾಲಿನಲ್ಲೇ ಹೋಸ್ಟ್ ಕೀಯ ಬೆರಳಚ್ಚು ಮತ್ತು ನಮ್ಮ ಖಾಸಗಿ ಕೀ ಇರುವ ಪಿಪಿಕೆ ಫೈಲಿನ ಪೂರ್ತಿ ದಾರಿ ಬರೆದರೆ ಮುಗಿಯಿತು. ಜೆಡ್ ಡ್ರೈವ್ ಥರದ, ನೆಟ್‌ವರ್ಕಿನ ಫೋಲ್ಡರಿಗೆ ಮ್ಯಾಪ್ ಮಾಡಿದ ಡ್ರೈವುಗಳೂ ಆ ಅಕೌಂಟಿಗಿಲ್ಲ. ಫೈಲನ್ನು ಸಿ ಡ್ರೈವಿನಿಂದಲೇ ಎತ್ತುವಂತೆ ಮಾಡಬೇಕಾಯಿತು.

ಬ್ಯಾಚ್ ಫೈಲಿನ ಕೊನೆಯ ಎರಡು ಸಾಲು ಮಾತ್ರ ನಿಜಕ್ಕೂ ಗಾಬರಿ ಹುಟ್ಟಿಸಿದವು. ಮೊದಲು ಅಪ್‌ಲೋಡ್, ಆಮೇಲೆ ಫೈಲನ್ನು ‘ಕಳಿಸಿದ್ದು’ ಫೋಲ್ಡರಿಗೆ ಸಾಗಿಸುವುದು. ಅಪ್‌ಲೋಡ್ ವಿಫಲವಾದರೂ ಬ್ಯಾಚ್ ಮುಂದಿನ ಸಾಲಿಗೆ ಹೋಗೇ ಹೋಗುತ್ತದೆ. ಹೋಗದ ಫೈಲು ಹೋದವುಗಳ ಜೊತೆ ಸೇರುತ್ತದೆ! ಎರರ್‌ಲೆವೆಲ್ (ಹಿಂದಿನ ಆದೇಶ ಮರಳಿಸಿದ ಸಂಖ್ಯೆ) ಸೊನ್ನೆ, ಅಂದರೆ ಯಶಸ್ವಿ, ಇದ್ದರೆ ಮಾತ್ರ ಸಾಗಿಸು ಎಂಬ ಷರತ್ತು ಬೇಕೇ ಬೇಕು. ‘ಟಾಸ್ಕ್ ವಿಫಲವಾದರೆ ಮತ್ತೆ ಓಡಿಸು’ ಎಂಬ ಆಯ್ಕೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಪ್ರೋಗ್ರಾಂ 1 ಎಂದು ಮರಳಿಸಿದರೆ ಶೆಡ್ಯೂಲರ್ ಅದನ್ನು ವಿಫಲವೆಂದೇ ಎಣಿಸುವುದಿಲ್ಲ. ಬದಲಿಗೆ ಟ್ರಿಗರಿನಲ್ಲೇ 10 ನಿಮಿಷಕ್ಕೊಮ್ಮೆಯಂತೆ ಒಂದು ತಾಸು ಮರುಕಳಿಕೆ ಕೊಡಬಹುದು. ಕಳಿಸಲು ಫೈಲು ಉಳಿದಿದ್ದರೆ ಮಾತ್ರ ಕಳಿಸು ಎಂದು ಬ್ಯಾಚಿನ ಮೊದಲ ಸಾಲಿನಲ್ಲೇ ನೋಡಿಕೊಂಡರೆ ಸರಿ.

ಇನ್ನೊಂದಿದೆ. ಈ ಫೈಲು ಹೋಗುವುದು ಎಸ್‌ಎಫ್‌ಟಿಪಿ ಎಂಬ ಸುರಕ್ಷಿತ ಸಾಗಣೆ ಕ್ರಮದಲ್ಲಿ. ಎಸ್‌ಎಫ್‌ಟಿಪಿಯಲ್ಲಿ 100 ಕೆಬಿಗಿಂತ ದೊಡ್ಡ ಫೈಲನ್ನು ವಿನ್‌ಎಸ್‌ಸಿಪಿ ಮೊದಲು ‘ಫೈಲ್‌ಪಾರ್ಟ್’ ಬಾಲ ಹಚ್ಚಿ ಕಳಿಸಿ, ಪೂರ್ತಿಯಾದ ಮೇಲೆ ಹೆಸರು ಬದಲಿಸುತ್ತದೆ. ವಖಾರಿಯ ಫೈಲು 40 ಕೆಬಿ, ಈ ರಕ್ಷಣೆ ಅದಕ್ಕಿಲ್ಲ. ಮಧ್ಯೆ ನೆಟ್ ಕಡಿದರೆ ಅರ್ಧ ಲಾಟುಗಳ ಪಟ್ಟಿಯೇ ಅಸಲಿ ಹೆಸರಲ್ಲಿ ಕೂತಿರುತ್ತದೆ. ಕಡಿದಲ್ಲಿಂದ ಮುಂದುವರಿಸುವ ರೆಸ್ಯೂಮ್ ಸಪೋರ್ಟನ್ನು ‘ಆನ್’ ಮಾಡಿದರೆ ಸಣ್ಣವಕ್ಕೂ ಬಾಲ ಬರುತ್ತದೆ.

ಇಷ್ಟೆಲ್ಲ ಸರಿಮಾಡಿದ ರಾತ್ರಿಯೂ ಕರೆಂಟಿರಲಿಲ್ಲ. ಫೈಲು 8:30ಕ್ಕೇ ಹೋಗಿತ್ತು, ಲಾಗಿನಲ್ಲಿ ದಾಖಲೆಯೂ ಇತ್ತು. ಬೆಂಗಳೂರಿನಿಂದ ಮಾತ್ರ ಮತ್ತೆ ಫೋನು: ಒಂಬತ್ತು ದಾಟಿದರೂ ಲೆಕ್ಕಕ್ಕೆ ಏರಿಲ್ಲವಂತೆ. ಸರ್ವರಿನ ಗಡಿಯಾರ ಯುಟಿಸಿ, ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ಫೈಲನ್ನು ಲೆಕ್ಕಕ್ಕೆ ಏರಿಸುವ ಹೊತ್ತನ್ನು ಅಲ್ಲಿನ ಕ್ರಾನಿನಲ್ಲಿ (ಸರ್ವರಿನ ಟಾಸ್ಕ್ ಶೆಡ್ಯೂಲರ್) 21:00 ಎಂದು ಬರೆದಿತ್ತು, ಅಂದರೆ ನಮ್ಮ ಬೆಳಗಿನ ಜಾವ ಎರಡೂವರೆ. 15:30 ಮಾಡಿಸಿದ್ದಾಯಿತು.